ಮನೆಯ ಜಗಳ ಠಾಣೆಯ ಕೆಲಸವಾದ ಕಥೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಸಣ್ಣಪುಟ್ಟ ಮಾತಿನ ಚಕಮಕಿಗೆ ಈ ಗಾದೆ ಸರಿಯಾಗಿಯೇ ಹೊಂದುತ್ತದೆ. ಆದರೆ ಬೆನ್ನ ಮೇಲೆ ಬಾಸುಂಡೆ ಎದ್ದಾಗ, ಕೈ ಮುರಿದಾಗ, ಸೀಮೆಎಣ್ಣೆಯ ಡಬ್ಬಿ ಹೊರಬಂದಾಗಲೂ ನೆರೆಯವರು ಇದೇ ಗಾದೆ ಹೇಳಿ ಕದ ಮುಚ್ಚಿಕೊಂಡದ್ದುಂಟು. ಧೈರ್ಯ ಮಾಡಿ ಠಾಣೆಯ ಮೆಟ್ಟಿಲು ಹತ್ತಿದವಳಿಗೆ "ಹೋಗಮ್ಮ, ಮನೆಯಲ್ಲೇ ಸರಿಮಾಡಿಕೋ" ಎಂಬ ಉತ್ತರ ಸಿಕ್ಕಿದ್ದೂ ಉಂಟು.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಜಗತ್ತಿನ ಬಹುಪಾಲು ದೇಶಗಳಲ್ಲಿ 1970ರ ದಶಕದವರೆಗೂ ಪೊಲೀಸರ ಧೋರಣೆ ಹೆಚ್ಚುಕಡಿಮೆ ಈ ಗಾದೆಯಂತೆಯೇ ಇತ್ತು. ಬೀದಿಯಲ್ಲಿ ಒಬ್ಬ ಇನ್ನೊಬ್ಬನಿಗೆ ಹೊಡೆದರೆ ಅಪರಾಧ, ಮನೆಯೊಳಗೆ ಗಂಡ ಹೆಂಡತಿಗೆ ಹೊಡೆದರೆ ಸಂಸಾರದ ವಿಚಾರ. ಈ ಗೆರೆ ಹೇಗೆ ಅಳಿಸತೊಡಗಿತು? ಮನೆಯೊಳಗಿನ ಹಿಂಸೆಗೆಂದೇ ಪ್ರತ್ಯೇಕ ಪೊಲೀಸ್ ಘಟಕಗಳು ಎಲ್ಲಿ, ಯಾಕೆ ಹುಟ್ಟಿದವು? ಅವುಗಳಿಂದ ಹಿಂಸೆ ನಿಜವಾಗಿಯೂ ಕಡಿಮೆಯಾಯಿತೇ? ಕೊನೆಯ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನ ಉತ್ತರವಿಲ್ಲ. ಯಾವ ಘಟಕ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದನ್ನು ಚರಿತ್ರೆಯೇ ನಮಗೆ ಹೇಳುತ್ತದೆ.

ಹಾರ್ಲೆಮ್‌ನ ಹದಿನೆಂಟು ಮಂದಿ

1967ರಲ್ಲಿ ನ್ಯೂಯಾರ್ಕ್ ನಗರದ ಪಶ್ಚಿಮ ಹಾರ್ಲೆಮ್ ಪ್ರದೇಶದಲ್ಲಿ ಒಂದು ಪ್ರಯೋಗ ಆರಂಭವಾಯಿತು. ಮಾರ್ಟನ್ ಬಾರ್ಡ್ ಎಂಬ ಮನಶ್ಶಾಸ್ತ್ರಜ್ಞರು 18 ಮಂದಿ ಪೊಲೀಸರನ್ನು ಆರಿಸಿಕೊಂಡು, ಮನೆಜಗಳದ ಕರೆ ಬಂದಾಗ ಹೇಗೆ ನಡೆದುಕೊಳ್ಳಬೇಕೆಂದು ತರಬೇತಿ ಕೊಟ್ಟರು. ಇವರಲ್ಲಿ ಅರ್ಧದಷ್ಟು ಮಂದಿ ಕರಿಯರು, ಅರ್ಧ ಬಿಳಿಯರು. ಜೋಡಿ ಜೋಡಿಯಾಗಿ ಕರೆ ಬಂದ ಮನೆಗಳಿಗೆ ಹೋಗಿ, ಕೂಗಾಡುತ್ತಿದ್ದವರನ್ನು ಬೇರ್ಪಡಿಸಿ, ಕೂರಿಸಿ, ಮಾತನಾಡಿಸಿ ಸಮಾಧಾನಪಡಿಸುವುದು ಇವರ ಕೆಲಸ. ಮನೆಯೊಳಗಿನ ಕಲಹಕ್ಕೂ ವಿಶೇಷ ಕಲಿಕೆ ಬೇಕು ಎಂದು ಪೊಲೀಸ್ ವ್ಯವಸ್ಥೆ ಒಪ್ಪಿಕೊಂಡ ಮೊದಲ ಪ್ರಯತ್ನಗಳಲ್ಲಿ ಇದು ಮುಖ್ಯವಾದುದು. ಅಮೆರಿಕದ ಅನೇಕ ನಗರಗಳು ಇದನ್ನು ಅನುಸರಿಸಿದವು.

ಆದರೆ ಈ ವಿಧಾನದಲ್ಲಿ ಒಂದು ಕೊರತೆಯಿತ್ತು. ರಾಜಿ ಮಾಡಿಸುವುದು ಎಂದರೆ ಎರಡೂ ಕಡೆಯವರದೂ ಒಂದಿಷ್ಟು ತಪ್ಪಿದೆ ಎಂದು ಮೊದಲೇ ಒಪ್ಪಿಕೊಂಡಂತೆ. ಮಾತಿಗೆ ಮಾತು ಬೆಳೆದಾಗ ಅದು ಸರಿಹೋದೀತು. ಒಬ್ಬರು ಹೊಡೆಯುವವರು, ಇನ್ನೊಬ್ಬರು ಹೊಡೆಸಿಕೊಳ್ಳುವವರು ಆಗಿರುವಲ್ಲಿ ರಾಜಿ ಎಂದರೇನು? ಮಹಿಳಾ ಸಂಘಟನೆಗಳು 1970ರ ದಶಕದಲ್ಲಿ ಎತ್ತಿದ ಪ್ರಶ್ನೆ ಇದೇ.

ಈ ಪ್ರಶ್ನೆಗೆ ನ್ಯಾಯಾಲಯವೂ ದನಿಗೂಡಿಸಿತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಟಾರಿಂಗ್‌ಟನ್ ಎಂಬ ಊರಿನಲ್ಲಿ ಟ್ರೇಸಿ ಥರ್ಮನ್ ಎಂಬ ಯುವತಿ, ದೂರವಾಗಿದ್ದ ಗಂಡನ ಬೆದರಿಕೆಗಳ ಬಗ್ಗೆ ತಿಂಗಳುಗಟ್ಟಲೆ ಪೊಲೀಸರಿಗೆ ದೂರು ಕೊಡುತ್ತ ಬಂದಿದ್ದಳು. ಯಾರೂ ಕಿವಿಗೊಡಲಿಲ್ಲ. 1983ರ ಜೂನ್‌ನಲ್ಲಿ ಆತ ಅವಳನ್ನು ಮತ್ತೆ ಮತ್ತೆ ಇರಿದ. ಅವಳು ಬದುಕುಳಿದಳು, ಆದರೆ ಅಂಗವಿಕಲಳಾದಳು. ಅಪರಿಚಿತರಿಂದ ಪೆಟ್ಟು ತಿಂದವರಿಗೆ ಕೊಡುವ ರಕ್ಷಣೆಯನ್ನು ಗಂಡನಿಂದ ಪೆಟ್ಟು ತಿಂದವಳಿಗೆ ಪೊಲೀಸರು ನಿರಾಕರಿಸಿದರೆ ಅದು ಸಂವಿಧಾನದ ಸಮಾನತೆಯ ಹಕ್ಕಿಗೆ ಧಕ್ಕೆ ಎಂಬ ವಾದವನ್ನು 1984ರಲ್ಲಿ ಫೆಡರಲ್ ನ್ಯಾಯಾಲಯ ವಿಚಾರಣೆಗೆ ಅಂಗೀಕರಿಸಿತು. ಮರುವರ್ಷ ಜ್ಯೂರಿ ಅವಳಿಗೆ 23 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಸುಮ್ಮನೆ ಕೂರುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದು ಅಮೆರಿಕದ ಠಾಣೆಗಳಿಗೆ ಆಗ ಮನದಟ್ಟಾಯಿತು.

ಬಣ್ಣದ ಹಾಳೆಗಳ ಪ್ರಯೋಗ

ವಿಜ್ಞಾನ ಓದುವ ನಿಮಗೆ ಮುಂದಿನ ಪ್ರಸಂಗ ವಿಶೇಷವಾಗಿ ಹಿಡಿಸೀತು. ಹೊಸ ಔಷಧಿಯನ್ನು ಪರೀಕ್ಷಿಸುವಾಗ ಯಾರಿಗೆ ಔಷಧಿ, ಯಾರಿಗೆ ಬರಿಯ ಸಕ್ಕರೆ ಗುಳಿಗೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸುತ್ತಾರಲ್ಲವೇ? ಅದೇ ಕ್ರಮವನ್ನು ಪೊಲೀಸ್ ಕೆಲಸಕ್ಕೆ ಅನ್ವಯಿಸಿದವರು ಲಾರೆನ್ಸ್ ಶೆರ್ಮನ್ ಮತ್ತು ರಿಚರ್ಡ್ ಬರ್ಕ್ ಎಂಬ ಸಮಾಜವಿಜ್ಞಾನಿಗಳು. ಸ್ಥಳ ಮಿನಿಯಾಪೊಲಿಸ್ ನಗರ, ಕಾಲ 1981-82.

ಪೊಲೀಸರ ಕೈಗೆ ಮೂರು ಬಣ್ಣದ ಹಾಳೆಗಳನ್ನು ಬೆರೆಸಿದ ಪುಸ್ತಕ ಕೊಡಲಾಯಿತು. ತೀರಾ ಗಂಭೀರವಲ್ಲದ ಮನೆಹಿಂಸೆಯ ಕರೆಗೆ ಹೋದಾಗ ಮೇಲಿನ ಹಾಳೆ ಯಾವ ಬಣ್ಣದ್ದೋ ಅದರಂತೆ ನಡೆಯಬೇಕು. ಒಂದು ಬಣ್ಣಕ್ಕೆ ಬಂಧನ, ಇನ್ನೊಂದಕ್ಕೆ ಬುದ್ಧಿವಾದ, ಮತ್ತೊಂದಕ್ಕೆ ಹೊಡೆದವನನ್ನು ಎಂಟು ಗಂಟೆ ಮನೆಯಿಂದ ಹೊರಗೆ ಕಳಿಸುವುದು. ಒಟ್ಟು 314 ಪ್ರಕರಣಗಳನ್ನು ಆರು ತಿಂಗಳು ಗಮನಿಸಿದರು. ಪೊಲೀಸ್ ದಾಖಲೆಗಳ ಪ್ರಕಾರ ಬಂಧನವಾದವರಲ್ಲಿ ಶೇಕಡ 10ರಷ್ಟು ಮಂದಿ ಮತ್ತೆ ಹಿಂಸೆಗೆ ಇಳಿದರು. ಬುದ್ಧಿವಾದ ಕೇಳಿದವರಲ್ಲಿ ಶೇಕಡ 19, ಹೊರಗೆ ಕಳಿಸಲ್ಪಟ್ಟವರಲ್ಲಿ ಶೇಕಡ 24.

1984ರಲ್ಲಿ ಫಲಿತಾಂಶ ಪ್ರಕಟವಾದದ್ದೇ ತಡ, ಅನೇಕ ರಾಜ್ಯಗಳು ಬಂಧನವನ್ನೇ ಮುಖ್ಯ ಉಪಾಯವಾಗಿ ಹಿಡಿದವು. ಆದರೆ ಒಂದೇ ಪ್ರಯೋಗವನ್ನು ನೆಚ್ಚಿ ನಿಯಮ ಮಾಡಬಾರದೆಂಬುದು ವಿಜ್ಞಾನದ ಪಾಠ. ಒಮಾಹಾ, ಶಾರ್ಲಟ್, ಮಿಲ್ವಾಕಿ, ಮಯಾಮಿ, ಕೊಲರಾಡೊ ಸ್ಪ್ರಿಂಗ್ಸ್‌ಗಳಲ್ಲಿ ಮತ್ತೆ ನಡೆಸಿದಾಗ ಉತ್ತರ ಅಷ್ಟು ನೇರವಾಗಿ ಬರಲಿಲ್ಲ. ಮಿಲ್ವಾಕಿಯಲ್ಲಂತೂ ಕೆಲಸವಿದ್ದವರು ಬಂಧನದ ನಂತರ ತಣ್ಣಗಾದರು, ಕೆಲಸವಿಲ್ಲದವರು ಇನ್ನಷ್ಟು ಕೆರಳಿದರು. ಕಳೆದುಕೊಳ್ಳಲು ಏನಾದರೂ ಇದ್ದವನಿಗೆ ಮಾತ್ರ ಲಾಕಪ್ಪಿನ ಭಯ ಎಂದಂತಾಯಿತು. ಈ ಐದೂ ನಗರಗಳ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಂಧನದಿಂದ ಪ್ರಯೋಜನವಿದೆ, ಆದರೆ ಅದು ಸಾಧಾರಣ ಪ್ರಮಾಣದ್ದು.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟು. ಬರಿಯ ರಾಜಿ ಸಾಲದು, ಬರಿಯ ಬಂಧನವೂ ಸಾಲದು. ಬಂಧಿತನಾದವನು ಒಂದೆರಡು ದಿನಗಳಲ್ಲಿ ಹೊರಬರುತ್ತಾನೆ. ಆಮೇಲೇನು?

ಕೋಳಿಕ್ಕೋಡಿನಿಂದ ಸಾವೊ ಪಾಲೊಗೆ

ಅಮೆರಿಕದಲ್ಲಿ ಏನು ಮಾಡಬೇಕು ಎಂಬ ಚರ್ಚೆ ನಡೆದಿದ್ದಾಗ ಬೇರೆ ನಾಡುಗಳಲ್ಲಿ ಯಾರು ಮಾಡಬೇಕು ಎಂಬ ಪ್ರಶ್ನೆ ಎದ್ದಿತ್ತು. ಗಂಡಸರೇ ತುಂಬಿರುವ ಠಾಣೆಯಲ್ಲಿ ಹೆಣ್ಣುಮಗಳು ಮೈಮೇಲಿನ ಗಾಯವನ್ನು ಹೇಗೆ ತೋರಿಸಿಯಾಳು? 1973ರ ಅಕ್ಟೋಬರ್ 27ರಂದು ಕೇರಳದ ಕೋಳಿಕ್ಕೋಡಿನಲ್ಲಿ ಭಾರತದ ಮೊದಲ ಮಹಿಳಾ ಪೊಲೀಸ್ ಠಾಣೆ ಆರಂಭವಾಯಿತು. ಉದ್ಘಾಟಿಸಿದವರು ಪ್ರಧಾನಿ ಇಂದಿರಾ ಗಾಂಧಿ.

ಈ ಕಲ್ಪನೆಗೆ ಅತ್ಯಂತ ವ್ಯಾಪಕ ರೂಪ ಕೊಟ್ಟ ದೇಶ ಬ್ರೆಜಿಲ್. ಅಲ್ಲಿ 1976ರಲ್ಲಿ ಆಂಜೆಲಾ ದಿನಿಸ್ ಎಂಬ ಮಹಿಳೆಯನ್ನು ಅವಳ ಸಂಗಾತಿ ಗುಂಡಿಟ್ಟು ಕೊಂದ. ಮಾನ ಉಳಿಸಿಕೊಳ್ಳಲು ಕೊಂದೆನೆಂಬ ವಾದ ಹೂಡಿ 1979ರ ವಿಚಾರಣೆಯಲ್ಲಿ ಹೆಚ್ಚುಕಡಿಮೆ ಪಾರಾದ. ದೇಶದ ಮಹಿಳೆಯರು ಬೀದಿಗಿಳಿದರು. 1981ರ ಮರುವಿಚಾರಣೆಯಲ್ಲಿ ಅವನಿಗೆ 15 ವರ್ಷಗಳ ಶಿಕ್ಷೆಯಾಯಿತು. ಸೈನಿಕ ಆಡಳಿತ ಮುಗಿದು ಪ್ರಜಾಪ್ರಭುತ್ವ ಮರಳುತ್ತಿದ್ದ ಹೊತ್ತಿನಲ್ಲಿ, 1985ರ ಆಗಸ್ಟ್‌ನಲ್ಲಿ, ಸಾವೊ ಪಾಲೊ ನಗರದಲ್ಲಿ ಮಹಿಳಾ ರಕ್ಷಣೆಯ ಮೊದಲ ಪೊಲೀಸ್ ಠಾಣೆ ತೆರೆಯಿತು. ದೂರು ಕೊಡಲು ಹೆಂಗಸರು ಸಾಲುಗಟ್ಟಿ ಬಂದರು. ಮನೆಹಿಂಸೆ ಎಲ್ಲೋ ಒಂದೆರಡು ಮನೆಯ ದುರದೃಷ್ಟವಲ್ಲ ಎಂಬುದಕ್ಕೆ ಆ ಸಾಲೇ ಸಾಕ್ಷಿಯಾಯಿತು. ಮುಂದೆ ದೇಶದಾದ್ಯಂತ ಇಂಥ ನೂರಾರು ಠಾಣೆಗಳಾದವು.

ಠಾಣೆಯ ಬಾಗಿಲೇನೋ ತೆರೆಯಿತು, ಅದರ ಹಿಂದಿನ ದಾರಿ ಮುಚ್ಚಿತ್ತು. 1995ರಲ್ಲಿ ಬಂದ ಕಾನೂನೊಂದು ಸಣ್ಣ ಅಪರಾಧಗಳನ್ನು ಬೇಗ ಮುಗಿಸಲು ವಿಶೇಷ ನ್ಯಾಯಾಲಯಗಳನ್ನು ಸ್ಥಾಪಿಸಿತು. ಹೆಂಡತಿಗೆ ಹೊಡೆದ ಪ್ರಕರಣಗಳೂ ಅಲ್ಲಿಗೇ ಬಂದವು. ಹೊಡೆದವನು ದಾನಕ್ಕಾಗಿ ಒಂದು ಬುಟ್ಟಿ ದಿನಸಿ ಕೊಟ್ಟರೆ ಮೊಕದ್ದಮೆ ಮುಗಿಯುವ ಪರಿಸ್ಥಿತಿ ಬಂತು. ದೂರು ಕೊಟ್ಟವಳು ಅದೇ ಮನೆಗೆ, ಅದೇ ಮನುಷ್ಯನ ಬಳಿಗೆ ಮರಳಬೇಕಿತ್ತು.

ಈ ದಾರಿಯನ್ನು ತೆರೆಸಿದವರು ಮಾರಿಯಾ ದ ಪೆನ್ಯಾ. ಫೋರ್ಟಲೆಜಾ ನಗರದ ಈ ಔಷಧ ವಿಜ್ಞಾನಿ 1983ರಲ್ಲಿ ಮಲಗಿದ್ದಾಗ ಗಂಡ ಬೆನ್ನಿಗೆ ಗುಂಡು ಹೊಡೆದ. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಮರಳಿದ ಮೇಲೆ ವಿದ್ಯುತ್ ಆಘಾತದಿಂದ ಕೊಲ್ಲಲು ಮತ್ತೆ ಯತ್ನಿಸಿದ. ಎರಡು ಬಾರಿ ಶಿಕ್ಷೆಯ ತೀರ್ಪಾದರೂ ಅವನು ಹೊರಗೇ ಓಡಾಡಿಕೊಂಡಿದ್ದ. ಆಕೆ ಹಾಗೂ ಮಾನವ ಹಕ್ಕು ಸಂಘಟನೆಗಳು ಅಮೆರಿಕ ಖಂಡದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಸಲ್ಲಿಸಿದಾಗ, 2001ರಲ್ಲಿ ಆಯೋಗ ಬ್ರೆಜಿಲ್ ಸರ್ಕಾರವನ್ನೇ ಹೊಣೆಗಾರನೆಂದು ಹೇಳಿತು. 2006ರ ಆಗಸ್ಟ್ 7ರಂದು ಆಕೆಯ ಹೆಸರಿನಲ್ಲೇ ಪ್ರಸಿದ್ಧವಾದ ಕಾನೂನು ಬಂತು. ದಿನಸಿ ಬುಟ್ಟಿಯ ಶಿಕ್ಷೆ ರದ್ದಾಯಿತು. ರಕ್ಷಣಾ ಆದೇಶಕ್ಕೆ ಗಡುವು ನಿಗದಿಯಾಯಿತು, ಪ್ರತ್ಯೇಕ ನ್ಯಾಯಾಲಯಗಳಿಗೆ ಅವಕಾಶವಾಯಿತು.

ಹಾಗಾದರೆ ಮಹಿಳಾ ಠಾಣೆಗಳಿಂದ ಜೀವ ಉಳಿಯಿತೇ? ಎಲಿಜವೆಟಾ ಪೆರೋವಾ ಮತ್ತು ಸಾರಾ ರೆನಾಲ್ಡ್ಸ್ ಎಂಬ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬ್ರೆಜಿಲ್‌ನ ಮಹಾನಗರ ಪ್ರದೇಶಗಳಲ್ಲಿ ಮಹಿಳಾ ಠಾಣೆ ಬಂದ ಕಡೆ 15ರಿಂದ 49 ವರ್ಷದ ಮಹಿಳೆಯರ ಕೊಲೆಯ ಪ್ರಮಾಣ ಸುಮಾರು ಶೇಕಡ 17ರಷ್ಟು ಇಳಿದಿತ್ತು. ಎಳೆಯ ವಯಸ್ಸಿನವರಲ್ಲಿ ಇಳಿಕೆ ಇನ್ನೂ ಹೆಚ್ಚು. ಮಹಾನಗರಗಳ ಹೊರಗೆ ಮಾತ್ರ ಈ ಪರಿಣಾಮ ಕಾಣಲಿಲ್ಲ. ಮನೆ ಬಿಟ್ಟು ಹೊರಬಂದರೆ ದುಡಿದು ಬದುಕುವ ದಾರಿ ಪಟ್ಟಣದಲ್ಲಿ ಹೆಚ್ಚು ಎಂಬುದೂ ಇದಕ್ಕೆ ಕಾರಣವಾಗಿರಬಹುದು.

ಎರಡನೆಯ ಕರೆ

ಮನೆಹಿಂಸೆಗೂ ಜೇಬುಗಳ್ಳತನಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಜೇಬುಗಳ್ಳ ಅದೇ ಜೇಬನ್ನು ಮತ್ತೆ ಹುಡುಕಿಕೊಂಡು ಬರುವುದಿಲ್ಲ. ಮನೆಯಲ್ಲಿ ಹೊಡೆಯುವವನು ಅದೇ ಮನೆಗೆ, ಅದೇ ಹೆಂಗಸಿನ ಬಳಿಗೆ ಬರುತ್ತಾನೆ. ಆದ್ದರಿಂದಲೇ ಒಂದು ಕರೆಗೂ ಮುಂದಿನ ಕರೆಗೂ ನಡುವಿನ ದಿನಗಳಲ್ಲಿ ಪೊಲೀಸರು ಏನು ಮಾಡುತ್ತಾರೆ ಎಂಬುದು ಬಹಳ ಮುಖ್ಯ.

ಲಂಡನ್ ಪೊಲೀಸರು 1987ರಲ್ಲಿ ಟಾಟನ್‌ಹ್ಯಾಮ್‌ನಲ್ಲಿ ತಮ್ಮ ಮೊದಲ ಕೌಟುಂಬಿಕ ಹಿಂಸೆಯ ಘಟಕ ತೆರೆದರು. 1990ರಲ್ಲಿ ಬ್ರಿಟನ್ನಿನ ಗೃಹ ಇಲಾಖೆ ಎಲ್ಲ ಪೊಲೀಸ್ ಪಡೆಗಳಿಗೂ ಸುತ್ತೋಲೆ ಕಳಿಸಿ, ಮನೆಯೊಳಗಿನ ಹಲ್ಲೆಯನ್ನು ಬೀದಿಯ ಹಲ್ಲೆಯಷ್ಟೇ ಗಂಭೀರವಾಗಿ ಪರಿಗಣಿಸಬೇಕೆಂದು ತಿಳಿಸಿತು. 1997ರಲ್ಲಿ ಲೀಡ್ಸ್ ನಗರದ ಕಿಲ್ಲಿಂಗ್‌ಬೆಕ್ ವಿಭಾಗದಲ್ಲಿ ಒಂದು ಸರಳ ಯೋಜನೆ ಜಾರಿಗೆ ಬಂತು. ಮೊದಲ ಬಾರಿ ಕರೆ ಬಂದರೆ ಆಕೆಗೆ ನೆರವಿನ ಮಾಹಿತಿಯ ಪತ್ರ, ಹೊಡೆದವನಿಗೆ ಎಚ್ಚರಿಕೆಯ ಪತ್ರ. ಎರಡನೆಯ ಬಾರಿ ಬಂದರೆ ಆ ಪ್ರದೇಶದ ಪೊಲೀಸ್ ಅಧಿಕಾರಿ ಮನೆಗೆ ಭೇಟಿ, ಆ ಬೀದಿಯಲ್ಲಿ ಹೆಚ್ಚಿನ ಗಸ್ತು. ಆಕೆ ಒಪ್ಪಿದರೆ ನೆರೆಯವರಿಗೂ ಹೇಳಿಟ್ಟು, ಸದ್ದು ಕೇಳಿದ ಕೂಡಲೇ ಫೋನ್ ಮಾಡುವಂತೆ ಏರ್ಪಾಟು. ಮೂರನೆಯ ಬಾರಿಗೆ ವಿಶೇಷ ಘಟಕದ ಅಧಿಕಾರಿಯೇ ಹೊಣೆ ಹೊರುತ್ತಿದ್ದರು. ಹಿಂಸೆ ಮರುಕಳಿಸಿದಂತೆಲ್ಲ ಪೊಲೀಸರ ಹಿಡಿತವೂ ಬಿಗಿಯಾಗಬೇಕೆಂಬುದು ಇದರ ಮೂಲತತ್ತ್ವ. ವರ್ಷದ ಕೊನೆಗೆ ಮತ್ತೆ ಮತ್ತೆ ಕರೆ ಬರುವುದು ಕಡಿಮೆಯಾಗಿತ್ತು, ಎರಡು ಕರೆಗಳ ನಡುವಿನ ಅವಧಿ ಹೆಚ್ಚಾಗಿತ್ತು.

ಅಮೆರಿಕದ ಶಾರ್ಲಟ್ ನಗರದ ವಿಶೇಷ ಘಟಕದ ಕಥೆಯೂ ಇದನ್ನೇ ಹೇಳುತ್ತದೆ. ಅಲ್ಲಿ ಪತ್ತೇದಾರರು ಪ್ರಕರಣವನ್ನು ಆಳವಾಗಿ ತನಿಖೆ ಮಾಡುತ್ತಿದ್ದರು. ಆಪ್ತಸಲಹೆಗಾರರು ಹಿಂಸೆಗೊಳಗಾದವರ ಜೊತೆ ನಿಂತು ಆಸ್ಪತ್ರೆ, ಕೋರ್ಟು, ಆಶ್ರಯಗಳ ದಾರಿ ತೋರುತ್ತಿದ್ದರು. ಸಂಶೋಧಕರು 891 ಪ್ರಕರಣಗಳನ್ನು ಪರಿಶೀಲಿಸಿದಾಗ, ಸಾಮಾನ್ಯ ಗಸ್ತು ಪೊಲೀಸರು ನೋಡಿಕೊಂಡ ಆರೋಪಿಗಳಲ್ಲಿ ಶೇಕಡ 37ರಷ್ಟು ಮಂದಿ ಮತ್ತೆ ಹಿಂಸೆಗೆ ಇಳಿದಿದ್ದರು. ವಿಶೇಷ ಘಟಕ ನೋಡಿಕೊಂಡವರಲ್ಲಿ ಈ ಪ್ರಮಾಣ ಶೇಕಡ 29. ಘಟಕದ ಪಾಲಿಗೆ ಬಂದವು ಹೆಚ್ಚು ಗಂಭೀರ ಪ್ರಕರಣಗಳಾಗಿದ್ದರೂ ಈ ಫಲ ಬಂದದ್ದು ಗಮನಾರ್ಹ.

ನಮ್ಮ ದೇಶದಲ್ಲಿ

1970ರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ ಸೊಸೆಯಂದಿರು "ಸ್ಟೌ ಸಿಡಿದು" ಸಾಯುವ ಸುದ್ದಿಗಳು ಸಾಲುಸಾಲಾಗಿ ಬಂದಾಗ ಮಹಿಳಾ ಸಂಘಟನೆಗಳು ಅವುಗಳ ಹಿಂದಿನ ಸತ್ಯವನ್ನು ಬಯಲಿಗೆಳೆದವು. ಆ ಹೋರಾಟದ ಫಲವಾಗಿ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ವಿಧಿ ಸೇರಿತು. ಗಂಡ ಅಥವಾ ಅವನ ಮನೆಯವರ ಕ್ರೌರ್ಯ ಅಂದಿನಿಂದ ಪ್ರತ್ಯೇಕ ಅಪರಾಧ. 2024ರ ಜುಲೈ 1ರಿಂದ ಇದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ವಿಧಿಗಳಲ್ಲಿದೆ. 1980ರ ದಶಕದಲ್ಲೇ ದೆಹಲಿ ಪೊಲೀಸರು ವರದಕ್ಷಿಣೆ ಹಿಂಸೆಗೆ ಪ್ರತ್ಯೇಕ ಘಟಕ ಸ್ಥಾಪಿಸಿದರು. ತಮಿಳುನಾಡು 1992ರಲ್ಲಿ ಮದರಾಸಿನ ಥೌಸಂಡ್ ಲೈಟ್ಸ್‌ನಲ್ಲಿ ಮಹಿಳಾ ಠಾಣೆ ಆರಂಭಿಸಿ, ಮುಂದೆ ರಾಜ್ಯದಾದ್ಯಂತ ಹರಡಿತು.

ದೂರು ಕೊಟ್ಟ ಹೆಂಗಸು ಆ ರಾತ್ರಿ ಎಲ್ಲಿ ಮಲಗುತ್ತಾಳೆ? ದಂಡ ಸಂಹಿತೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ತವರಿನವರು "ಹೊಂದಿಕೊಂಡು ಹೋಗು" ಎನ್ನುತ್ತಾರೆ, ಗಂಡನ ಮನೆಯವರು ಬಾಗಿಲು ಹಾಕುತ್ತಾರೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ ಉತ್ತರ ಕೊಟ್ಟಿತು. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾಯಿದೆಯ ಪ್ರಕಾರ, ಮನೆ ಯಾರ ಹೆಸರಿನಲ್ಲಿದ್ದರೂ ಸಂಸಾರ ನಡೆಸಿದ ಆ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು. ಅದನ್ನು ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ. ನೆರವಿಗೆ ಸಂರಕ್ಷಣಾಧಿಕಾರಿಗಳಿದ್ದಾರೆ. ಬೈಗುಳ, ಬೆದರಿಕೆ, ಖರ್ಚಿಗೆ ಹಣ ಕೊಡದೆ ಸತಾಯಿಸುವುದು ಕೂಡ ಈ ಕಾಯಿದೆಯ ದೃಷ್ಟಿಯಲ್ಲಿ ಹಿಂಸೆಯೇ.

ಇನ್ನು ಎರಡು ರಾಜ್ಯಗಳ ಅನುಭವವನ್ನು ಅಕ್ಕಪಕ್ಕ ಇಟ್ಟು ನೋಡಿ. ಹರಿಯಾಣ 2015ರಲ್ಲಿ ಜಿಲ್ಲೆಗೊಂದರಂತೆ ಮಹಿಳಾ ಠಾಣೆ ತೆರೆಯಿತು. ನಿರ್ವಿಕಾರ್ ಜಸ್ಸಲ್ ಎಂಬ ಸಂಶೋಧಕರು ದಾಖಲೆಗಳನ್ನು ಪರಿಶೀಲಿಸಿದಾಗ ನಿರೀಕ್ಷೆಯಂತೆ ದಾಖಲಾದ ಪ್ರಕರಣಗಳು ಹೆಚ್ಚಿರಲಿಲ್ಲ. ಮಾಮೂಲಿ ಠಾಣೆಯವರು "ಇದು ನಮ್ಮದಲ್ಲ, ಮಹಿಳಾ ಠಾಣೆಗೆ ಹೋಗಮ್ಮ" ಎಂದು ಸಾಗಹಾಕಲು ಒಂದು ನೆಪ ಸಿಕ್ಕಂತಾಗಿತ್ತು. ದೂರದ ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿದು ಬಂದವಳಿಗೆ ಅಲ್ಲಿ ಮತ್ತೆ ರಾಜಿ ಪಂಚಾಯ್ತಿ.

ಮಧ್ಯಪ್ರದೇಶ ಬೇರೆ ದಾರಿ ಹಿಡಿಯಿತು. ಪ್ರತ್ಯೇಕ ಠಾಣೆಯ ಬದಲು ಇರುವ ಠಾಣೆಯೊಳಗೇ ಮಹಿಳಾ ಸಹಾಯ ಕೇಂದ್ರ. ಮರೆಯಲ್ಲಿ ಕೂತು ಮಾತನಾಡಲು ಜಾಗ, ತರಬೇತಿ ಪಡೆದ ಸಿಬ್ಬಂದಿ, ಬರೆದಿಟ್ಟ ಕ್ರಮ, ಊರಿನ ಮಹಿಳಾ ಗುಂಪುಗಳ ಸಂಪರ್ಕ. 180 ಠಾಣೆಗಳಲ್ಲಿ, ಮಿನಿಯಾಪೊಲಿಸ್‌ನಂತೆಯೇ ಚೀಟಿ ಎತ್ತುವ ಕ್ರಮದಲ್ಲಿ ನಡೆದ ಈ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಸಿದ್ಧ ವಿಜ್ಞಾನ ಪತ್ರಿಕೆ 'ಸೈನ್ಸ್'ನಲ್ಲಿ ಪ್ರಕಟವಾಯಿತು. ಸಹಾಯ ಕೇಂದ್ರವಿದ್ದ ಠಾಣೆಗಳಲ್ಲಿ ಮಹಿಳೆಯರ ದೂರುಗಳು ಹೆಚ್ಚಾಗಿ ದಾಖಲಾದವು. ಮಹಿಳಾ ಅಧಿಕಾರಿಗಳೇ ನಡೆಸಿದ ಕಡೆ ಎಫ್‌ಐಆರ್‌ಗಳ ಏರಿಕೆ ಎದ್ದು ಕಂಡಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ದಾಖಲಾದ ಪ್ರಕರಣ ಹೆಚ್ಚಿತು ಎಂದರೆ ಹಿಂಸೆ ಹೆಚ್ಚಿತು ಎಂದಲ್ಲ. ಥರ್ಮಾಮೀಟರ್ ಇಟ್ಟ ಮೇಲೆ ಜ್ವರ ಕಂಡರೆ ಥರ್ಮಾಮೀಟರಿನಿಂದಲೇ ಜ್ವರ ಬಂತೆನ್ನಲಾಗದು. ಒಳ್ಳೆಯ ಘಟಕ ಬಂದಾಗ ಮೊದಲು ಏರುವುದು ದೂರುಗಳ ಸಂಖ್ಯೆ. ಹಿಂಸೆ ಇಳಿಯುವುದು ಆಮೇಲೆ, ಅದೂ ದೂರಿನ ನಂತರದ ಕೆಲಸ ಸರಿಯಾಗಿ ನಡೆದರೆ.

ಕರ್ನಾಟಕದ ಮುಂದಿರುವ ಲೆಕ್ಕ

ಬೆಂಗಳೂರಿನ ಹಲಸೂರು ಗೇಟ್, ಬಸವನಗುಡಿಗಳಲ್ಲಿ ಮಹಿಳಾ ಠಾಣೆಗಳಿವೆ, ಜಿಲ್ಲಾ ಕೇಂದ್ರಗಳಲ್ಲೂ ಇವೆ. 1999ರಲ್ಲಿ ಬೆಂಗಳೂರು ಪೊಲೀಸರ ಆಶ್ರಯದಲ್ಲಿ ವನಿತಾ ಸಹಾಯವಾಣಿ ಆರಂಭವಾಯಿತು. ಪೊಲೀಸರು ಮತ್ತು ಆಪ್ತಸಲಹೆಗಾರರು ಒಂದೇ ಸೂರಿನಡಿ ಕೆಲಸ ಮಾಡುವ ಏರ್ಪಾಟು ಅದು. 2000-01ರಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಸಾಂತ್ವನ ಯೋಜನೆಯನ್ನು ತಂದಿತು.

ಹೀಗಿದ್ದೂ ನಮ್ಮ ಮುಂದಿರುವ ಲೆಕ್ಕ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಮಹಿಳೆಯರಲ್ಲಿ ಶೇಕಡ 44ರಷ್ಟು ಮಂದಿ ಗಂಡನಿಂದ ಹಿಂಸೆಯಾಗಿದೆಯೆಂದು ತಿಳಿಸಿದರು. ಆ ಸಮೀಕ್ಷೆಯಲ್ಲಿ ದೇಶದಲ್ಲೇ ಅತಿ ಹೆಚ್ಚಿನ ಪ್ರಮಾಣ ನಮ್ಮದು. ಅಖಿಲ ಭಾರತ ಮಟ್ಟದಲ್ಲಿ ಇದು ಶೇಕಡ 29. ಇಷ್ಟೇ ಅಲ್ಲ, ಹಿಂಸೆ ಅನುಭವಿಸಿದವರಲ್ಲಿ ಯಾರಿಂದಲಾದರೂ ಸಹಾಯ ಕೇಳಿದವರು ದೇಶದಲ್ಲಿ ಶೇಕಡ 14 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಯಾರಿಗೂ ಹೇಳಿಯೇ ಇಲ್ಲ. ಎಷ್ಟೇ ಒಳ್ಳೆಯ ಘಟಕವಿದ್ದರೂ ಬಾಗಿಲು ತಟ್ಟದವರನ್ನು ಅದು ಕಾಪಾಡಲಾರದು. ತಟ್ಟಿದವರನ್ನು ಹಿಂದೆ ಕಳಿಸಿದರೆ, ಆ ಸುದ್ದಿ ಕೇಳಿದ ಇನ್ನೊಬ್ಬಳು ತಟ್ಟುವುದೇ ಇಲ್ಲ.

ಹಾರ್ಲೆಮ್‌ನಿಂದ ಮಧ್ಯಪ್ರದೇಶದವರೆಗಿನ ಐದು ದಶಕಗಳ ಅನುಭವದಿಂದ ತಿಳಿಯುವುದು ಒಂದೇ. ವಿಶೇಷ ಘಟಕದ ಬಲ ಅದರ ಫಲಕದಲ್ಲಿಲ್ಲ, ಮೊದಲ ದೂರಿನ ಮರುದಿನ ಅದು ಮಾಡುವ ಕೆಲಸದಲ್ಲಿದೆ. ದೂರನ್ನು ಬರೆದುಕೊಳ್ಳುವುದು, ಹಳೆಯ ದೂರನ್ನು ತೆಗೆದು ನೋಡುವುದು, ಮನೆಗೆ ಹೋಗಿ ವಿಚಾರಿಸುವುದು, ಕೋರ್ಟಿನ ಆದೇಶ ಪಾಲನೆಯಾಗುತ್ತಿದೆಯೇ ಎಂದು ನೋಡುವುದು. ಬೇಸರ ತರಿಸುವಷ್ಟು ಸಾಮಾನ್ಯವಾದ ಈ ಕೆಲಸಗಳೇ ಜೀವ ಉಳಿಸಿವೆ.

ನಿಮ್ಮ ಪಕ್ಕದ ಮನೆಯಿಂದ ಕೂಗು ಕೇಳಿಬಂದರೆ ತುರ್ತು ಸಂಖ್ಯೆ 112, ಮಹಿಳಾ ಸಹಾಯವಾಣಿ 181 ಎಂಬುದು ನೆನಪಿರಲಿ. ಹಿಂಸೆಯ ಮಾಹಿತಿಯನ್ನು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಕೊಡಬಹುದು, ಸದ್ಭಾವನೆಯಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬರದೆಂದು 2005ರ ಕಾಯಿದೆಯೇ ಹೇಳುತ್ತದೆ. ಕೂಗು ನಿಮ್ಮದೇ ಮನೆಯದಾಗಿದ್ದರೂ ಈ ಮಾತು ಅಷ್ಟೇ ನಿಜ.

ತರಗತಿಯಲ್ಲಿ ಚರ್ಚಿಸಲು
1. ಪ್ರತ್ಯೇಕ ಮಹಿಳಾ ಠಾಣೆ, ಪ್ರತಿ ಠಾಣೆಯಲ್ಲೂ ಸಹಾಯ ಕೇಂದ್ರ: ನಿಮ್ಮ ತಾಲ್ಲೂಕಿಗೆ ಯಾವುದು ಹೆಚ್ಚು ಹೊಂದುತ್ತದೆ? ಯಾಕೆ?
2. ಒಂದು ಠಾಣೆಯಲ್ಲಿ ದೂರುಗಳು ಹೆಚ್ಚಿದರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಹಿಂಸೆ ನಿಜವಾಗಿ ಇಳಿದಿದೆಯೇ ಎಂದು ತಿಳಿಯಲು ಇನ್ನೇನನ್ನು ಅಳೆಯಬೇಕು?
3. ದೂರು ಕೊಟ್ಟ ಮಹಿಳೆಗೆ ಆ ರಾತ್ರಿ ಆಶ್ರಯ ಕೊಡುವ ಸ್ಥಳ ನಿಮ್ಮ ಊರಿಗೆ ಎಷ್ಟು ದೂರದಲ್ಲಿದೆ? ವಿಚಾರಿಸಿ ತಿಳಿಯಿರಿ.